ಮೊದಲ ಪಾಲು ಯಾರಿಗೆ?

2023ರ ಮೇ ತಿಂಗಳ ಒಂದು ಸಂಜೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಕಮ್ಯುನಿಟಿ ಬೋರ್ಡ್ ಸಭೆಗೆ ಹೋಗಿದ್ದೆ. ಕಮ್ಯುನಿಟಿ ಬೋರ್ಡ್ ಅಂದರೆ ನಮ್ಮ ವಾರ್ಡ್ ಸಮಿತಿ ಇದ್ದ ಹಾಗೆ. ಬಾರಿನ ಲೈಸೆನ್ಸ್, ಕಸದ ಗಾಡಿ, ಬಸ್‌ಸ್ಟಾಪು, ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಸಣ್ಣ ಅಂಗಡಿಗಳು ಮತ್ತು ಅವುಗಳ ಪರವಾನಗಿ ನನ್ನ ಪಿಎಚ್‌ಡಿ ವಿಷಯ. ಹಾಗಾಗಿ ಇಂಥ ಸಭೆಗಳಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳುವುದು ನನಗೆ ರೂಢಿ. ಅವತ್ತಿನ ಪಟ್ಟಿಯಲ್ಲಿ ಐದನೆಯ ವಿಷಯ ಒಂದು ಗಾಂಜಾ ಅಂಗಡಿಯದಾಗಿತ್ತು.

ಅರ್ಜಿ ಹಾಕಿದವರು ನಲವತ್ತರ ಆಸುಪಾಸಿನ ಆಫ್ರಿಕನ್ ಅಮೆರಿಕನ್ ಮನುಷ್ಯ. ಕಟ್ಟಡಗಳನ್ನು ಸ್ವಚ್ಛ ಮಾಡುವ ಸಣ್ಣದೊಂದು ಕಂಪನಿ ನಡೆಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಕಾಗದ ಹಿಡಿದು ಬಂದಿದ್ದರು. ಆದರೆ ಮಾತಾಡುವಾಗ ಅದನ್ನು ನೋಡಲಿಲ್ಲ. “ಪೊಲೀಸರು ನನ್ನನ್ನು ಹಿಡಿದಾಗ ನನಗೆ ಇಪ್ಪತ್ತೆರಡು ವರ್ಷ. ಹಿಡಿದದ್ದು ಇಲ್ಲಿಂದ ಎರಡು ಬೀದಿ ಆಚೆ. ಈಗ ಅಂಗಡಿ ಇಡಬೇಕು ಅಂತಿರುವುದೂ ಅದೇ ಬೀದಿಯಲ್ಲಿ, ಅದೇ ಮಾಲಿಗೆ” ಅಂದರು. ಸಭೆಯಲ್ಲಿ ಕೆಲವರು ನಕ್ಕರು. ಅವರು ನಗಲಿಲ್ಲ.

ಈ ಮಾತು ಅರ್ಥವಾಗಬೇಕಾದರೆ ಹಿಂದಿನದು ಸ್ವಲ್ಪ ಗೊತ್ತಿರಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 1977ರಿಂದಲೇ ಸ್ವಲ್ಪ ಗಾಂಜಾ ಇಟ್ಟುಕೊಳ್ಳುವುದು ದೊಡ್ಡ ಅಪರಾಧವಾಗಿರಲಿಲ್ಲ. ಆದರೆ ಅದು ನಾಲ್ಕು ಜನರ ಕಣ್ಣಿಗೆ ಬಿದ್ದರೆ ಅಪರಾಧ. ಪೊಲೀಸರು ಹುಡುಗರನ್ನು ಬೀದಿಯಲ್ಲಿ ನಿಲ್ಲಿಸಿ ಜೇಬು ಖಾಲಿ ಮಾಡು ಅನ್ನುತ್ತಿದ್ದರು. ಜೇಬಿನಲ್ಲಿದ್ದದ್ದು ಕೈಗೆ ಬಂದ ಕೂಡಲೇ ಅದು ಕಣ್ಣಿಗೆ ಬಿದ್ದ ಹಾಗಾಯಿತು. 2011ರ ಒಂದೇ ವರ್ಷದಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಂಥ ಸಣ್ಣ ಪ್ರಕರಣಗಳಲ್ಲಿ 50 ಸಾವಿರಕ್ಕೂ ಹೆಚ್ಚು ಬಂಧನಗಳಾದವು. ಸಿಕ್ಕವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಹುಡುಗರು.

2021ರ ಮಾರ್ಚ್ 31ರಂದು ರಾಜ್ಯ ಹೊಸ ಕಾನೂನು ತಂದಿತು. 21 ದಾಟಿದವರು ಮೂರು ಔನ್ಸ್, ಅಂದರೆ ಸುಮಾರು 85 ಗ್ರಾಂ, ಇಟ್ಟುಕೊಳ್ಳಬಹುದು. ಈಗ ಅಪರಾಧವಲ್ಲದ ಹಳೆಯ ಶಿಕ್ಷೆಗಳು ದಾಖಲೆಯಿಂದ ಅಳಿಯುತ್ತವೆ. ತೆರಿಗೆಯಲ್ಲಿ ಶೇ. 40ರಷ್ಟು ಹಳೆಯ ಕಾನೂನಿನಿಂದ ಪೆಟ್ಟು ತಿಂದ ಕೇರಿಗಳಿಗೆ ಹೋಗಬೇಕು. ಲೈಸೆನ್ಸುಗಳಲ್ಲಿ ಅರ್ಧ ಅಂಥ ಕೇರಿಗಳವರಿಗೆ, ಅಲ್ಪಸಂಖ್ಯಾತರಿಗೆ, ಹೆಂಗಸರಿಗೆ, ಕಷ್ಟದಲ್ಲಿರುವ ರೈತರಿಗೆ, ಅಂಗವಿಕಲರಾದ ಮಾಜಿ ಸೈನಿಕರಿಗೆ ಸಿಗಬೇಕೆಂಬುದು ಗುರಿ. ಮರುವರ್ಷ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಚಿಲ್ಲರೆ ಅಂಗಡಿಯ ಮೊದಲ ಲೈಸೆನ್ಸುಗಳನ್ನು ಗಾಂಜಾ ಕೇಸಿನಲ್ಲಿ ಶಿಕ್ಷೆಯಾದವರಿಗೆ ಅಥವಾ ಅವರ ಹತ್ತಿರದ ಮನೆಮಂದಿಗೆ, ಜೊತೆಗೆ ಕೆಲವು ಸೇವಾ ಸಂಸ್ಥೆಗಳಿಗೆ ಕೊಡುತ್ತೇವೆ ಅಂದಿತು. ಆದರೆ ಶಿಕ್ಷೆಯಾದವರು ಎರಡು ವರ್ಷವಾದರೂ ಲಾಭದ ವ್ಯಾಪಾರ ನಡೆಸಿರಬೇಕು ಎಂಬ ಷರತ್ತೂ ಇತ್ತು. ಶಿಕ್ಷೆ ಕಂಡಿರಬೇಕು, ಲಾಭವನ್ನೂ ಕಂಡಿರಬೇಕು. ಅಂಥವರು ಎಷ್ಟು ಜನ ಸಿಗುತ್ತಾರೆ?

ಸಭೆಯಲ್ಲಿ ವಾದ ಜೋರಾಯಿತು. ಮೂಲೆಯಂಗಡಿಯ ಗುಜರಾತಿ ಮಾಲೀಕರೊಬ್ಬರು ಎದ್ದು, “ಸಿಗರೇಟು, ಲಾಟರಿ ಎಲ್ಲಕ್ಕೂ ನಾನು ಲೈಸೆನ್ಸ್ ಕಟ್ಟಿದ್ದೇನೆ. ಒಂದು ತಪ್ಪೂ ಮಾಡಿಲ್ಲ. ತಪ್ಪು ಮಾಡಿದವನಿಗೇ ಮೊದಲ ಮಣೆಯೇ?” ಎಂದು ಕೇಳಿದರು. ತಾಯಿಯೊಬ್ಬರು ಶಾಲೆ ಎಷ್ಟು ದೂರ ಎಂದರು. ಶಾಲೆಯಿಂದ 500 ಅಡಿ, ದೇವರ ಮನೆಗಳಿಂದ 200 ಅಡಿ ದೂರ ಇರಬೇಕೆಂಬ ನಿಯಮವನ್ನು ಅಧ್ಯಕ್ಷರು ಓದಿದರು. ಇನ್ನೊಬ್ಬರ ಅನುಮಾನ ಬೇರೆಯದು. ಹಣ ಹಾಕುವವನು ಎಲ್ಲೋ ಕೂತಿರುತ್ತಾನೆ, ಹೆಸರು ಮಾತ್ರ ಇವರದು ಅಂದರು. ನಮ್ಮಲ್ಲಿ ಇದಕ್ಕೆ ಬೇನಾಮಿ ಎಂಬ ಒಂದೇ ಮಾತು ಸಾಕು.

ವೃದ್ಧರ ಆರೈಕೆಯ ಕೆಲಸದಲ್ಲಿದ್ದ ಹೆಂಗಸೊಬ್ಬರು, “ನನ್ನ ಜೊತೆಯವರು ಅಮಲಿನಲ್ಲಿ ಕೆಲಸಕ್ಕೆ ಬಂದರೆ?” ಎಂದರು. ಇದಕ್ಕೂ ಕಾನೂನಿನಲ್ಲಿ ಉತ್ತರವಿದೆ. ಕೆಲಸದ ಹೊತ್ತಿನ ಆಚೆ, ಕೆಲಸದ ಜಾಗದ ಆಚೆ ಸೇದಿದ್ದಕ್ಕೆ ಮಾಲೀಕರು ಯಾರನ್ನೂ ತೆಗೆಯುವಂತಿಲ್ಲ. ಬೇರೆ ಕಾನೂನು ಕಡ್ಡಾಯ ಮಾಡಿದ ಕೆಲಸಗಳನ್ನು ಬಿಟ್ಟರೆ ಗಾಂಜಾ ಪರೀಕ್ಷೆಯನ್ನೂ ಮಾಡುವಂತಿಲ್ಲ. ಕೆಲಸದಲ್ಲಿ ಅಮಲಿನ ಲಕ್ಷಣ ಎದ್ದು ಕಂಡರೆ ಕ್ರಮ ತೆಗೆದುಕೊಳ್ಳಬಹುದು. ಬರೀ ವಾಸನೆ ಸಾಕ್ಷಿಯಾಗುವುದಿಲ್ಲ ಎಂದು ರಾಜ್ಯದ ಕಾರ್ಮಿಕ ಇಲಾಖೆ ಹೇಳಿದೆ. ಆಗ ಲಾರಿ ಓಡಿಸುವವರೊಬ್ಬರು, “ಅದು ನಿಮಗೆ, ನಮಗಲ್ಲ” ಅಂದರು. ಲಾರಿ ಚಾಲಕರ ಮೂತ್ರ ಪರೀಕ್ಷೆ ಫೆಡರಲ್ ಸರ್ಕಾರದ, ಅಂದರೆ ಅಲ್ಲಿನ ಕೇಂದ್ರದ ನಿಯಮ. ಅಮಲು ಕೆಲವು ತಾಸಿನಲ್ಲಿ ಇಳಿಯುತ್ತದೆ, ಮೂತ್ರದಲ್ಲಿ ಅದರ ಗುರುತು ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ಭಾನುವಾರ ಸೇದಿದ್ದಕ್ಕೆ ಮುಂದಿನ ಗುರುವಾರ ಕೆಲಸ ಹೋಗಬಹುದು.

ಅವರ ಮಾತು ನನಗೂ ತಟ್ಟಿತು. 1970ರ ಫೆಡರಲ್ ಕಾನೂನಿನ ಪಟ್ಟಿಯಲ್ಲಿ ಗಾಂಜಾ ಹೆರಾಯಿನ್ ಜೊತೆ ಮೊದಲ ಸಾಲಿನಲ್ಲಿತ್ತು. ನಾನು ವಿದ್ಯಾರ್ಥಿ ವೀಸಾದವಳು, ವಲಸೆಯ ಲೆಕ್ಕದಲ್ಲಿ ನನಗೆ ಅನ್ವಯಿಸುವುದು ಆ ಕಾನೂನೇ. ರಾಜ್ಯದಲ್ಲಿ ಸಕ್ರಮವಾದ ಗಾಂಜಾ ಉದ್ಯಮದಲ್ಲಿ ದುಡಿದರೂ ಪೌರತ್ವದ ಅರ್ಜಿಗೆ ಬೇಕಾದ ಸನ್ನಡತೆಗೆ ಅಡ್ಡಿಯಾಗಬಹುದೆಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿತ್ತು. ಆ ಅಂಗಡಿಯ ಬಗ್ಗೆ ನಾನು ಪ್ರಬಂಧ ಬರೆಯಬಹುದು. ಅಲ್ಲಿ ಒಂದು ದಿನ ಗಲ್ಲಾದಲ್ಲಿ ಕೂರುವಂತಿಲ್ಲ.

ಆ ವಾರಾಂತ್ಯ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ.

“ಅಲ್ಲಬೇ, ಗಾಂಜಾ ಅಂಗಡಿ ಇಡಾಕ ಸರ್ಕಾರನ ಲೈಸೆನ್ಸ್ ಕೊಡತೈತೇನ?”

“ಹೂಂ ಅವ್ವಾ. ಅದೂ ಗಾಂಜಾ ಕೇಸಿನ್ಯಾಗ ಸಿಕ್ಕವರಿಗೇ ಮೊದಲು ಕೊಡತಾರ.”

ಅವ್ವ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಂಗಾದ್ರ ಅಂವಗ ಸಿಗತಿತ್ತು ನೋಡು” ಅಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮ ಹೊಲವನ್ನು ಒಬ್ಬರು ಪಾಲಿಗೆ ಮಾಡುತ್ತಿದ್ದರು. ನಾವು ಮಕ್ಕಳು ಅವರನ್ನು ಕಾಕಾ ಅನ್ನುತ್ತಿದ್ದೆವು. ಹತ್ತಿಯ ಸಾಲಿನ ನಡುವೆ ಹತ್ತು ಹನ್ನೆರಡು ಗಾಂಜಾ ಗಿಡ ಹಾಕಿದ್ದರು. ಒಂದು ದಿನ ಪೊಲೀಸ್ ಜೀಪು ಬಂತು, ಗಿಡ ಕಿತ್ತರು, ಕಾಕಾನನ್ನು ಕರೆದುಕೊಂಡು ಹೋದರು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಗಿಡ ಬೆಳೆದದ್ದಕ್ಕೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅಪ್ಪ ಕಟ್ಟೆಯ ಮೇಲೆ ನಿಂತು, “ಹೊಲ ಪಾಲಿಗೆ ಕೊಟ್ಟೀನ್ರಿ, ಅಂವ ಏನ್ ಬೆಳಿತಾನ ಅನ್ನೂದು ನನಗೇನ್ ಗೊತ್ತ್ರಿ” ಅಂದದ್ದು ನನಗೆ ಇವತ್ತಿಗೂ ನೆನಪಿದೆ. ಕಾಕಾನಿಗೆ ಜಾಮೀನು ಸಿಗುವಷ್ಟರಲ್ಲಿ ಎಂಟು ತಿಂಗಳಾಗಿತ್ತು. ಮರುವರ್ಷ ಹೊಲ ಬೇರೆಯವರ ಪಾಲಾಯಿತು. ಕಾಕಾ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗೋವಾಕ್ಕೆ ಗಾರೆ ಕೆಲಸಕ್ಕೆ ಹೋದರು.

ಅಮಾವಾಸ್ಯೆಯ ಭಜನೆಯಲ್ಲಿ ಅಪ್ಪನ ಕೈಗೂ ಚಿಲುಮೆ ಬರುತ್ತಿತ್ತು. ಅದರಲ್ಲಿನ ಸೊಪ್ಪು ಎಲ್ಲಿಂದ ಬರುತ್ತಿತ್ತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅವತ್ತು ಫೋನಿನಲ್ಲಿ ಅವ್ವ ತಾನಾಗಿಯೇ ಹೇಳಿದಳು: “ನಿಮ್ಮಪ್ಪಗ ಗೊತ್ತಿತ್ತು.”

ಬ್ರಾಂಕ್ಸ್‌ನ ಬೋರ್ಡು ಅಂಗಡಿಯ ಪರವಾಗಿ ಸಲಹೆ ಕೊಟ್ಟಿತು. ಅದು ಬರೀ ಸಲಹೆ, ಲೈಸೆನ್ಸ್ ಕೊಡುವುದು ರಾಜ್ಯ. ಆಗಸ್ಟ್‌ನಲ್ಲಿ ಅಂಗವಿಕಲ ಮಾಜಿ ಸೈನಿಕರು ಕೋರ್ಟಿಗೆ ಹೋದರು. ಕಾನೂನಿನಲ್ಲಿ ನಮ್ಮ ಹೆಸರೂ ಇದೆ, ನಮ್ಮನ್ನು ಬಿಟ್ಟು ಇವರಿಗೆ ಮಾತ್ರ ಮೊದಲು ಕೊಟ್ಟದ್ದು ಹೇಗೆ ಎಂಬುದು ಅವರ ಪ್ರಶ್ನೆ. ಅದರಲ್ಲಿಯೂ ನ್ಯಾಯವಿತ್ತು. ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟರು, ಡಿಸೆಂಬರ್‌ವರೆಗೆ ಎಲ್ಲ ನಿಂತಿತು. ಆ ಹೊತ್ತಿಗೆ ನಗರದಲ್ಲಿ ಲೈಸೆನ್ಸ್ ಇಲ್ಲದ ಅಂಗಡಿಗಳು ಸಾವಿರ ದಾಟಿದ್ದವು, ದೀಪ ಹಾಕಿಕೊಂಡು ರಾತ್ರಿಯಿಡೀ ಮಾರುತ್ತಿದ್ದವು.

ಅಕ್ಟೋಬರ್‌ನಲ್ಲಿ ಅದೇ ಬೀದಿಯಲ್ಲಿ ಆ ಮನುಷ್ಯ ಸಿಕ್ಕರು. ಮಳಿಗೆಯ ಗಾಜಿಗೆ ಕಂದು ಕಾಗದ ಅಂಟಿಸಿತ್ತು. ಐದು ತಿಂಗಳ ಬಾಡಿಗೆ ಕಟ್ಟಿದ್ದೇನೆ, ಒಂದು ಗ್ರಾಂ ಮಾರಿಲ್ಲ ಅಂದರು. ದೊಡ್ಡ ಬ್ಯಾಂಕುಗಳು ಫೆಡರಲ್ ಕಾನೂನಿಗೆ ಹೆದರಿ ಸಾಲ ಕೊಡುವುದಿಲ್ಲ. ಅಂಗಡಿ ತೆರೆದ ಮೇಲೂ 1982ರ ಫೆಡರಲ್ ತೆರಿಗೆ ನಿಯಮದಂತೆ ಬಾಡಿಗೆ, ಸಂಬಳಗಳನ್ನು ಖರ್ಚೆಂದು ಕಳೆಯುವ ಹಾಗಿಲ್ಲ. ಮಾಲಿನ ವೆಚ್ಚವನ್ನಷ್ಟೇ ಕಳೆಯಬಹುದು. “ಹಣವಿದ್ದವನು ಕಾಯುತ್ತಾನೆ. ನನ್ನಂಥವನು ಕಾದರೆ ಪಾಲುದಾರನನ್ನು ಹುಡುಕಬೇಕಾಗುತ್ತದೆ” ಅಂದರು. ಅಂದು ಸಭೆಯಲ್ಲಿ ಕೇಳಿದ್ದ ಬೇನಾಮಿಯ ಅನುಮಾನ ನೆನಪಾಯಿತು. ಬೇನಾಮಿ ಹೀಗೂ ಹುಟ್ಟುತ್ತದೆ, ದುರಾಸೆಯಿಂದಲೇ ಅಲ್ಲ.

ನಾನು ನನ್ನ ವೀಸಾದ ಸಂಗತಿ ಹೇಳಿದೆ. ಅಂಗಡಿ ತೆರೆದರೆ ಹೊರಗೆ ನಿಂತು ಶುಭ ಹಾರೈಸುತ್ತೇನೆ ಅಂದೆ. ಅವರು ಮೊದಲ ಸಲ ನಕ್ಕರು. “ಅಂದರೆ ಈಗ ಅವರನ್ನು ಕಂಡು ಹೆದರುವ ಸರದಿ ನಿಮ್ಮದು” ಅಂದರು.

ಆ ಕಾನೂನು ಪೂರ್ತಿ ಗೆದ್ದಿತೆಂದು ನಾನು ಪ್ರಬಂಧದಲ್ಲಿ ಬರೆಯಲಾರೆ. ಆದರೆ ಶಿಕ್ಷೆ ಯಾರಿಗಾಗಿತ್ತು ಎಂಬುದನ್ನು ಅದು ಕಾಗದದ ಮೇಲೆ ಕೇಳಿತು. ಲಾಭ ಹಂಚುವ ಮೊದಲು ಆ ಲೆಕ್ಕ ತೆಗೆಯಬೇಕು ಅಂದಿತು. ಅದು ಸಣ್ಣ ಮಾತಲ್ಲ.

ಮೊನ್ನೆ ಅವ್ವನಿಗೆ ಕಾಕಾ ಈಗ ಎಲ್ಲಿದ್ದಾರೆ ಎಂದು ಕೇಳಿದೆ. “ಮಗಳನ್ನ ಇಳಕಲ್ಲಿಗೆ ಕೊಟ್ಟಾರಂತ. ಕೇಳಿ ಏನ್ ಮಾಡ್ತಿ?” ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ನಮ್ಮ ಕಡೆ ಅಂಥ ಕಾನೂನು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬಂದರೆ ಲೈಸೆನ್ಸಿನ ಅರ್ಜಿಯ ಜೊತೆ ಮೊದಲು ಕೇಳುವುದು ಹೊಲದ ಉತಾರ. ಆ ಉತಾರದಲ್ಲಿರುವುದು ನಮ್ಮಪ್ಪನ ಹೆಸರು.