21 ಪಾಯಿಂಟಿನ ಬಾಕಿ

ಈ ವಾರ ರಾಗಿ ಬಿತ್ತನೆ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ಸಲ ಇರಲಿ.

ಮಗಳು ರಜೆಗೆ ಬಂದಿದ್ದಾಳೆ. ಬಿಎಸ್ಸಿ ಅಗ್ರಿ ಮೂರು ವರ್ಷ ಮುಗೀತು. ನಿನ್ನೆ ಸಂಜೆ ಡೈರಿಗೆ ಹಾಲು ಹಾಕಿ ಬಂದು ಜಗಲಿ ಮೇಲೆ ಕೂತಿದ್ದೆ. ನೋಟ್‌ಬುಕ್ ತಂದು, "ಅಪ್ಪ, ಫಸ್ಟ್ ಕ್ಲಾಸ್ ಬರಬೇಕಂದ್ರೆ ಇನ್ನೆಷ್ಟು ತೆಗೀಬೇಕು, ಲೆಕ್ಕ ಹಾಕೋಣ ಬಾ" ಅಂದಳು.

ಇವರದ್ದೆಲ್ಲ ಹತ್ತರ ಲೆಕ್ಕ. ನೂರಕ್ಕೆ 68 ಬಂದರೆ 6.8. ಕೊನೆಗೆ ಒಟ್ಟು 7 ಮುಟ್ಟಿದರೆ ಫಸ್ಟ್ ಕ್ಲಾಸ್, 8 ಮುಟ್ಟಿದರೆ ಡಿಸ್ಟಿಂಕ್ಷನ್. ನಾನು ಆರು ಸೆಮಿಸ್ಟರಿನದ್ದೂ ಕೂಡಿ ಆರರಿಂದ ಭಾಗಿಸೋಕೆ ಹೋದೆ. "ಹಂಗಲ್ಲಪ್ಪ, ಕ್ರೆಡಿಟ್ ನೋಡ್ಬೇಕು" ಅಂದಳು. ತಲೆಗೆ ಹೋಗಲಿಲ್ಲ.

ಕೊನೆಗೆ ಅವಳೇ ಹಾಲಿನ ಲೆಕ್ಕ ತೆಗೆದಳು. ಸೀಮೆ ಹಸುವಿನ 10 ಲೀಟರ್ ಹಾಲಿಗೆ 3.5 ಫ್ಯಾಟ್, ಎಮ್ಮೆಯ 2 ಲೀಟರಿಗೆ 7. ಒಂದೇ ಕ್ಯಾನಿಗೆ ಸುರಿದರೆ ಫ್ಯಾಟ್ 5.25 ಬರುತ್ತಾ? ಬರಲ್ಲ. 35ಕ್ಕೆ 14 ಸೇರಿ 49, ಅದನ್ನ 12 ಲೀಟರಿಗೆ ಹಂಚಿದರೆ 4.08. ಕ್ರೆಡಿಟ್ ಅಂದರೆ ಲೀಟರು, ಅಂಕ ಅಂದರೆ ಫ್ಯಾಟು. ಇಷ್ಟು ವರ್ಷ ಹಾಲು ಹಾಕಿದ್ದು ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಇಲ್ಲೀವರೆಗೆ 140 ಕ್ರೆಡಿಟ್, ಸರಾಸರಿ 6.85. ಗುಣಿಸಿದರೆ 959 ಪಾಯಿಂಟ್. ಕೊನೇ ವರ್ಷ 40 ಕ್ರೆಡಿಟ್ ಸೇರಿ ಒಟ್ಟು 180. ಏಳರಂತೆ 1260 ಬೇಕು. ಬಾಕಿ 301. ಅದನ್ನ 40ಕ್ಕೆ ಹಂಚಿದರೆ 7.53. ಒಂದು ಸಲವೂ ಅವಳು ಅಷ್ಟು ತೆಗೆದಿಲ್ಲ.

ಎಲ್ಲಿ ಕಮ್ಮಿಯಾಯ್ತು ಅಂತ ಹಿಂದಿನ ಪುಟ ತಿರುವಿದೆ. ಮೂರನೇ ಸೆಮಿಸ್ಟರ್, 22 ಕ್ರೆಡಿಟ್, 133 ಪಾಯಿಂಟ್. ಏಳರಂತೆ 154 ಇರಬೇಕಿತ್ತು. ಅಲ್ಲೇ 21 ಕಮ್ಮಿ. ಮಿಕ್ಕ ಐದೂ ಸೇರಿಸಿದರೆ ಸರಿಯಾಗಿ ಏಳು.

ಆ ಸೆಮಿಸ್ಟರ್ ನನಗೆ ಗೊತ್ತು. ಆ ವರ್ಷ ಕೊಯ್ದ ರಾಗಿ ಅರಿ ಹೊಲದಲ್ಲೇ ಬಿದ್ದಿತ್ತು, ಸೈಕ್ಲೋನ್ ಮಳೆ ಹಿಡೀತು. ಆಳು ಸಿಗಲಿಲ್ಲ. ಪರೀಕ್ಷೆ ಇದೆ ಅಂದರೂ ಕೇಳದೆ ಫೋನ್ ಮಾಡಿ ಕರೆಸಿದೆ. ಎಂಟು ದಿನ ಅವಳೂ ಅವರಮ್ಮನೂ ಅರಿ ತಿರುವಿ, ಒಣಗಿಸಿ, ಮೆದೆ ಒಟ್ಟಿದರು. ಆದರೂ ಅರ್ಧ ರಾಗಿ ಮೊಳಕೆ ಬಂತು. ಅವಳು ಬಸ್ಸಿನಲ್ಲೇ ಓದಿಕೊಂಡು ಹೋಗಿ ಬರೆದಳು.

"ಯಾಕವ್ವ, ಆವಾಗ್ಲೇ ಹೇಳ್ಬಾರ್ದಿತ್ತಾ?" ಅಂದೆ. "ಹೇಳಿದ್ರೆ ರಾಗಿ ಒಣಗ್ತಿತ್ತಾ?" ಅಂದು ನಕ್ಕಳು. ನನಗೆ ನಗು ಬರಲಿಲ್ಲ.

ಈಗ ಉಳಿದಿರೋದು ಎರಡು ದೊಡ್ಡ ಕ್ಯಾನು, 20-20 ಕ್ರೆಡಿಟ್. ಮೊದಲನೆಯದು ಗ್ರಾಮೀಣ ಕೃಷಿ ಕಾರ್ಯಾನುಭವ, ಕಾಲೇಜು ಮಕ್ಕಳು ಊರಿಗೆ ಬಂದು ಉಳಿದು ಬೀಜೋಪಚಾರ ಗೀಜೋಪಚಾರ ತೋರಿಸ್ತಾರಲ್ಲ, ಅದೇ. ಆಮೇಲೆ ಅಣಬೆ, ಜೇನು, ನರ್ಸರಿ ಇಂಥದ್ದನ್ನ ತಾವೇ ನಡೆಸಿ ಕಲಿಯೋದು. ಊರಲ್ಲಿ 8 ತೆಗೆದರೆ ಆಮೇಲೆ 7.05 ಸಾಕು. ಊರಲ್ಲಿ 7ಕ್ಕೆ ನಿಂತರೆ ಆಮೇಲೆ 8.05 ಬೇಕು, ಅದು ಕಷ್ಟ. ಅಂದರೆ ಎಲ್ಲ ಇರೋದು ಈ ನವೆಂಬರ್, ಡಿಸೆಂಬರ್ ಒಳಗೇ. ನಮ್ಮ ರಾಗಿ ಕೊಯ್ಲೂ ಆವಾಗಲೇ.

ಅದಕ್ಕೇ ಈಗಲೇ ಕೇಳ್ತಿದ್ದೀನಿ. ನನಗೆ ಎರಡೂವರೆ ಎಕರೆ ರಾಗಿ ಇದೆ, ನಾಲ್ಕು ಮುಯ್ಯಾಳು ಬೇಕು. ನಿಮ್ಮದು ಮುಂಚೆ ಕೊಯ್ಲಿಗೆ ಬಂದರೆ ನಾನೂ ನಮ್ಮನೆಯವಳೂ ಮೊದಲು ನಿಮ್ಮ ಹೊಲಕ್ಕೆ ಬರ್ತೀವಿ. ಬರೋರು ಕೆಳಗೆ ಬರೀರಿ, ಇಲ್ಲಾಂದ್ರೆ ಡೈರಿ ಹತ್ರ ಸಿಕ್ಕಾಗ ಹೇಳಿ.