ಅಂಬಾರಿಯಲ್ಲ, ಪಲ್ಲಕ್ಕಿ

ನಮ್ಮ ಮನೆಯಲ್ಲಿ ಕರೆಂಟಿಗೆ ಎರಡೇ ಸ್ಥಿತಿ: ಇದೆ, ಹೋಯ್ತು. ಇದ್ದೂ ಸಾಲದೆ ಹೋಗುವ ಮೂರನೆಯದೊಂದು ಇದೆಯೆಂದು ತೋರಿಸಿಕೊಟ್ಟವಳು ಮೊಮ್ಮಗಳು. ಬೇಸಿಗೆ ರಜಕ್ಕೆ ಮೈಸೂರಿನ ಒಂಟಿಕೊಪ್ಪಲಿಗೆ ಬಂದವಳು ನಾಲ್ಕು ಹಳದಿ ಮೋಟಾರು, ಒಂದು ಆರ್ಡುಯಿನೊ ಬೋರ್ಡು, ನಾಲ್ಕು ರೀಚಾರ್ಜಬಲ್ ಪೆನ್ಸಿಲ್ ಸೆಲ್ಲು ಕೂಡಿಸಿ ಕಾರು ಕಟ್ಟಿದಳು. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತಿತ್ತು, ಚಕ್ರ ಅಲುಗುವಷ್ಟರಲ್ಲಿ ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು.

“ತಾತ, ಇದಕ್ಕೆ ತಲೆಸುತ್ತು ಬರ್ತಿದೆ.”

ಬಲ ಸಾಲದೆಂದು 9 ವೋಲ್ಟಿನ ಚೌಕದ ರೀಚಾರ್ಜಬಲ್ ತಂದೆ. ಕಾರು ಮೊದಲಿಗಿಂತ ಬೇಗ ಮೂರ್ಛೆ ಹೋಯಿತು. ಆ ಡಬ್ಬಿಯೊಳಗೆ ಇರುವುದು ಪುಟಾಣಿ ಸೆಲ್ಲುಗಳ ಸಾಲು. ಕೂಡಿಟ್ಟ ಗಂಟು 200 ಮಿಲಿಆಂಪಿಯರ್-ಗಂಟೆಯ ಆಸುಪಾಸು. ಪೆನ್ಸಿಲ್ ಸೆಲ್ಲಿನಲ್ಲಿ 2000 ಇರುತ್ತದೆ.

ಆಗ ನೆನಪಾದದ್ದು ತಾರಸಿಯ ಮೇಲಿನ ಟ್ಯಾಂಕು. ಅದರ ಎತ್ತರ ವೋಲ್ಟು, ನಲ್ಲಿಯಲ್ಲಿ ಬೀಳುವ ನೀರು ಆಂಪಿಯರು. ಟ್ಯಾಂಕು ತುಂಬಿದ್ದರೂ ಪೈಪಿನಲ್ಲಿ ಕಿಟ್ಟ ಕಟ್ಟಿದ್ದರೆ, ಬಚ್ಚಲಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಅಡುಗೆಮನೆಯ ಧಾರೆ ದಾರವಾಗುತ್ತದೆ. ಸೆಲ್ಲಿನೊಳಗೂ ಅಂಥ ತಡೆಯುಂಟು. ಆದರೆ ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನಲ್ಲಿ ಅದು ಒಂದು ಓಮಿನ ನೂರರಲ್ಲಿ ಮೂರು ಪಾಲಿನಷ್ಟೇ; ಬಳಸಿ ಬಿಸಾಡುವ ಆಲ್ಕಲೈನಿಗಿಂತ ಎಷ್ಟೋ ಕಡಿಮೆ. 1.5 ಇಲ್ಲ, ಬರೀ 1.2 ವೋಲ್ಟು ಎಂದು ಮೂಗು ಮುರಿಯುವವರಿಗೆ ಇದು ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಹಾಗಾದರೆ ಕಿಟ್ಟ ಎಲ್ಲಿ?

ಮೋಟಾರುಗಳನ್ನು ನೇರವಾಗಿ ಸೆಲ್ಲಿಗೇ ಕಟ್ಟಿ, ಮೀಟರು ಹಿಡಿದು ಕೂತೆ. ಸುಮ್ಮನಿದ್ದಾಗ 5.1 ವೋಲ್ಟು. ಮೊಮ್ಮಗಳು ಚಕ್ರ ಅದುಮಿ ಹಿಡಿದಳು. ಆಂಪಿಯರು ಎರಡಕ್ಕೇರಿತು, ವೋಲ್ಟು 3.8ಕ್ಕೆ ಕುಸಿಯಿತು. ಮೀಟರಿನ ಕಡ್ಡಿಯನ್ನು ಸೆಲ್ಲುಗಳ ನೆತ್ತಿಗೇ ಒತ್ತಿ ನೋಡಿದರೆ ನಾಲ್ಕೂ ಸೇರಿ ಕಳೆದದ್ದು ಕಾಲು ವೋಲ್ಟು ಮಾತ್ರ! ಮಿಕ್ಕದ್ದನ್ನು ನುಂಗಿದ್ದು ಪ್ಲಾಸ್ಟಿಕ್ ಹೋಲ್ಡರಿನ ಬಡಕಲು ಸ್ಪ್ರಿಂಗು, ಕೂದಲೆಳೆಯಂಥ ವೈರು.

ಸ್ಪ್ರಿಂಗುಗಳಿಗೆ ತಾಮ್ರದ ತಂತಿ ಬೆಸೆದೆ, ದಪ್ಪ ವೈರು ಹಾಕಿದೆ. ಶಿವರಾಂಪೇಟೆಯ ಅಂಗಡಿಯ ಹುಡುಗ 1000 ಮೈಕ್ರೋಫ್ಯಾರಡ್ ಕೆಪಾಸಿಟರೊಂದನ್ನು ಕೈಗಿಟ್ಟು, “ಬೋರ್ಡಿನ ಹತ್ರಾನೇ ಹಾಕಿ ಸಾರ್, ಬಾಯಾರಿಕೆಗೆ ಒಂದು ಲೋಟ ನೀರು ಪಕ್ಕದಲ್ಲಿ ಇಟ್ಕೊಂಡಂಗೆ” ಎಂದ. ನನ್ನ ಟ್ಯಾಂಕಿಗಿಂತ ಅವನ ಲೋಟವೇ ಚೆನ್ನಾಗಿತ್ತು.

ಕಾರು ನೆಲದ ಮೇಲೆ ಓಡಿತು. ಜಮಖಾನೆ ಹತ್ತುವಾಗ ಮುಗ್ಗರಿಸಿತು. ಈಗ ನಿಜಕ್ಕೂ ಸೆಲ್ಲಿನದೇ ಸರದಿ. ಒಂದರ ಹಿಂದೊಂದು ಕಟ್ಟುವುದು ಜಂಬೂ ಸವಾರಿಯ ಹಾಗೆ: ಮೆರವಣಿಗೆಯಲ್ಲಿ ಎಷ್ಟು ಆನೆ ನಡೆದರೂ 750 ಕಿಲೋ ಅಂಬಾರಿಯಲ್ಲಿ ಯಾವುದಕ್ಕೂ ಪಾಲಿಲ್ಲ, ಹೊರುವ ಆನೆಯದು ಹೊರುವ ಆನೆಗೇ. ಸಾಲಿನಲ್ಲಿ ವೋಲ್ಟು ಕೂಡುತ್ತದೆ, ಆಂಪಿಯರಿನ ಪೂರ್ತಿ ಭಾರ ಮಾತ್ರ ಪ್ರತಿ ಸೆಲ್ಲಿನ ಮೇಲೂ ಬೀಳುತ್ತದೆ. ಪಕ್ಕಪಕ್ಕ ಕಟ್ಟುವುದು ಪಲ್ಲಕ್ಕಿ, ಹೆಗಲಿಗಿಷ್ಟು ಭಾರ. ಆದರೆ ಹೆಗಲುಗಳು ಸಮ ಎತ್ತರದವಿರಬೇಕು. ತುಂಬಿದ ಸೆಟ್ಟನ್ನು ಖಾಲಿ ಸೆಟ್ಟಿನ ಪಕ್ಕ ಕಟ್ಟಿದರೆ ತುಂಬಿದ್ದು ಖಾಲಿಯದರೊಳಗೆ ನುಗ್ಗಿ ಎರಡೂ ಕಾಯುತ್ತವೆ. ಹಾಗಾಗಿ ನಾಲ್ಕರ ಇನ್ನೊಂದು ಸೆಟ್ಟು ತಂದು, ಎರಡನ್ನೂ ಬೇರೆಬೇರೆಯಾಗಿ ಪೂರ್ತಿ ಚಾರ್ಜು ಮಾಡಿ ಪಕ್ಕಪಕ್ಕ ಜೋಡಿಸಿದೆವು. ಹಳೇ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ಲು ಹಾಕಿ ಎಂದರು ಪಕ್ಕದ ಮನೆಯವರು. ಅದು ಕೇಳಿದಷ್ಟೂ ಕೊಡುವ ಮಹಾದಾನಿ. ತಪ್ಪಿ ಎರಡು ತುದಿ ತಾಗಿದರೆ ಮನೆಯನ್ನೂ ದಾನ ಮಾಡಿಬಿಡುತ್ತದೆ. ಬೇಡವೆಂದೆ.

ಜಮಖಾನೆ ಹತ್ತುವಾಗ ಕಾರು ಎಳೆದದ್ದು 10 ವ್ಯಾಟಿನ ಹತ್ತಿರ. ಇದೇ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಶುರುಮಾಡಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರಿನಲ್ಲಿ. ಮೂರು ಆಟದ ಕಾರಿನಷ್ಟು! ಮೊಮ್ಮಗಳಿಗೆ ಹೇಳಿದರೆ, “ಅವರ ಹೋಲ್ಡರ್ ಚೆನ್ನಾಗಿತ್ತಾ?” ಎಂದಳು.

ಎರಡನೆಯ ಸೆಟ್ಟಿಗೆ ಮೊದಲು ಕ್ಯಾಮೆರಾದ ಹಳೆಯ ಸೆಲ್ಲುಗಳನ್ನು ಪ್ರಯತ್ನಿಸಿದ್ದೆ. ವಯಸ್ಸಾಗಿ ಒಳಗಿನ ತಡೆ ಬೆಳೆದಿತ್ತು. ಮೋಟಾರು ಕಂಡರೆ ಕುಸಿಯುತ್ತಿದ್ದವು. ಬಿಸಾಡಲು ಮನಸ್ಸಾಗದೆ ಒಂದನ್ನು ಗೋಡೆ ಗಡಿಯಾರಕ್ಕೆ ಹಾಕಿದೆ. ಅದು ಕೇಳುವುದು ಮಿಲಿಆಂಪಿಯರಿನ ಒಂದು ಚೂರು. ಸರಿಯಾಗಿ ನಡೆಯುತ್ತಿದೆ.

“ಓಡೋಕೆ ಆಗಲ್ಲ, ಗಂಟೆ ಮಾತ್ರ ಕರೆಕ್ಟಾಗಿ ತೋರಿಸತ್ತೆ,” ಎಂದಳು ಹೆಂಡತಿ, ನಾಲ್ಕೂವರೆಯ ಕಾಫಿ ತಂದಿಡುತ್ತ. ಗಡಿಯಾರವನ್ನು ನೋಡಿ ಹೇಳಿದಂತಿರಲಿಲ್ಲ.