ಮೆದುಳು ಯಾವ ಪೀರಿಯಡ್ಡಿಗೆ ಸೇರಿದ್ದು?

ಶಾಲೆಯ ವೇಳಾಪಟ್ಟಿಯಲ್ಲಿ ಮೆದುಳಿಗೆ ಸಿಗುವುದು ಜೀವಶಾಸ್ತ್ರದ ಒಂದೆರಡು ಪೀರಿಯಡ್ಡು ಮಾತ್ರ. ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮೆಡುಲ್ಲಾ ಎಂದು ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಮೆದುಳಿನ ಕಥೆ ಮುಗಿಯಿತು. ಪರೀಕ್ಷೆಗೆ ಅಷ್ಟು ಸಾಕು.

ಆದರೆ ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸುವ ಮನೆಗಳಲ್ಲಿ ಈಗ ಬೇರೊಂದು ಪ್ರಶ್ನೆ ಕೇಳಿಬರುತ್ತದೆ: ನರವಿಜ್ಞಾನ ‘ಸ್ಟೆಮ್’ಗೆ ಸೇರುತ್ತದೋ ಇಲ್ಲವೋ? ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳಿಂದಾದ ಹೆಸರದು. ಮೊದಲು ‘ಸ್ಮೆಟ್’ ಎನ್ನುತ್ತಿದ್ದರು. ಕಿವಿಗೆ ಹಿತವಾಗಲಿಲ್ಲವೆಂದು 2001ರಲ್ಲಿ ಅಕ್ಷರಗಳನ್ನು ಹಿಂದುಮುಂದು ಮಾಡಿದರು.

ಪ್ರಶ್ನೆಯ ಬೇರು ಇರುವುದು ದುಡ್ಡಿನಲ್ಲಿ. ಪದವಿ ಮುಗಿಸಿದ ವಿದೇಶಿ ವಿದ್ಯಾರ್ಥಿಗೆ ಅಲ್ಲಿ 12 ತಿಂಗಳು ಕೆಲಸ ಮಾಡಲು ಅವಕಾಶ. ‘ಸ್ಟೆಮ್’ ಪಟ್ಟಿಯ ವಿಷಯ ಓದಿದವರಿಗೆ 2016ರ ನಿಯಮ ಮತ್ತೆ 24 ತಿಂಗಳು ಕೊಟ್ಟಿತು. ಮನೆ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆದ ತಂದೆಗೆ ಆ ಎರಡು ವರ್ಷವೆಂದರೆ ಕಂತು ಕಟ್ಟುವ ದಾರಿ. ನರವಿಜ್ಞಾನ ಪಟ್ಟಿಯಲ್ಲಿದೆ. ಮನಶ್ಶಾಸ್ತ್ರದ ಕೆಲವು ಶಾಖೆಗಳು ಒಳಗೆ, ಕೆಲವು ಹೊರಗೆ. ತಲೆ ಒಂದೇ ಆದರೂ ಅದರ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿದಂತಾಯಿತು.

ಪಟ್ಟಿ ಬದಿಗಿರಲಿ, ಚರಿತ್ರೆ ಏನನ್ನುತ್ತದೆ? 1873ರಲ್ಲಿ ಇಟಲಿಯ ಗೋಲ್ಗಿ ಸಿಲ್ವರ್ ನೈಟ್ರೇಟಿನಿಂದ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸಿದ, ಅದು ರಸಾಯನಶಾಸ್ತ್ರ. ಆ ಬಣ್ಣ ಬಳಸಿ ಸ್ಪೇನಿನ ಕಹಾಲ್ ನರಕೋಶಗಳ ಚಿತ್ರ ಬರೆದ. ಹುಡುಗನಾಗಿದ್ದಾಗ ಅವನಿಗೆ ಚಿತ್ರಕಾರನಾಗುವ ಆಸೆಯಿತ್ತು. 1906ರ ನೊಬೆಲ್ ಬಹುಮಾನ ಇಬ್ಬರಿಗೂ ಹಂಚಿಕೆಯಾಯಿತು, ಅಭಿಪ್ರಾಯ ಮಾತ್ರ ಕೊನೆಗೂ ಒಂದಾಗಲಿಲ್ಲ. 1952ರಲ್ಲಿ ಹಾಜ್ಕಿನ್ ಮತ್ತು ಹಕ್ಸ್ಲಿ, ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್ಡಿನ ದಪ್ಪ ನರತಂತುವಿನಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಸಮೀಕರಣಗಳಲ್ಲಿ ಬರೆದರು. ಅವನ್ನು ಬಿಡಿಸಲು ಹಕ್ಸ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ವಾರಗಟ್ಟಲೆ ಕೂತ. ಹೀಗೆ ನಾಲ್ಕೂ ಅಕ್ಷರ ಮೆದುಳಿಗೆ ದುಡಿದಿವೆ.

ಆದರೂ ಲೆಕ್ಕಕ್ಕೆ ಸಿಗದೆ ಉಳಿಯುವುದೊಂದಿದೆ. 1848ರಲ್ಲಿ ಅಮೆರಿಕದ ರೈಲುದಾರಿಯ ಕೆಲಸದಲ್ಲಿ ಸಿಡಿಮದ್ದು ಸ್ಫೋಟಿಸಿ, ಫಿನಿಯಸ್ ಗೇಜ್ ಎಂಬವನ ಕೆನ್ನೆಯಿಂದ ನೆತ್ತಿಗೆ ಕಬ್ಬಿಣದ ಸಲಾಕೆ ತೂರಿಹೋಯಿತು. ಅವನು ಬದುಕಿದ, ಸ್ವಭಾವ ಬದಲಾಯಿತು. ಸಲಾಕೆ ಸುಮಾರು 6 ಕಿಲೋ ಎಂದು ತೂಗಿ ಹೇಳಬಹುದು. ಕಳೆದುಹೋದ ಸ್ವಭಾವ ಎಷ್ಟೆಂದು ಅವನನ್ನು ಬಲ್ಲವರು ಮಾತಿನಲ್ಲೇ ಹೇಳಬೇಕಾಯಿತು, ಡಾಕ್ಟರು ಕೇಳಿ ಬರೆದಿಡಬೇಕಾಯಿತು.

ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡದ್ದು ಒಂದು ಮಾನಸಿಕ ಆಸ್ಪತ್ರೆಯನ್ನೂ ಒಂದು ಸಂಶೋಧನಾ ಸಂಸ್ಥೆಯನ್ನೂ ಕೂಡಿಸಿ. ಅಲ್ಲಿ ನರಶಸ್ತ್ರಚಿಕಿತ್ಸೆಯೂ ಇದೆ, ರೋಗಿಯ ಮನೆಯವರ ಕಷ್ಟ ಕೇಳುವ ಸಮಾಜಕಾರ್ಯ ವಿಭಾಗವೂ ಇದೆ. ಎರಡೂ ಒಂದೇ ಆವರಣದಲ್ಲಿರುವುದು ಸರಿಯಾಗಿಯೇ ಇದೆ.

ಆದ್ದರಿಂದ ಪಿಯುಸಿಗೆ ಅರ್ಜಿ ತುಂಬುವ ಹುಡುಗಿಗೆ ‘ಸೇರುತ್ತದೆ’ ಎಂದಷ್ಟೇ ಹೇಳಿ ಎದ್ದುಹೋಗಬಾರದು. ಮೆದುಳೆಂದರೆ ಜೀವಶಾಸ್ತ್ರ ತಾನೆ ಎಂದು ಗಣಿತ ಕೈಬಿಟ್ಟರೆ ಹಕ್ಸ್ಲಿಯ ಸಮೀಕರಣದ ಮುಂದೆ ಅವಳು ನಿಂತುಬಿಡುತ್ತಾಳೆ. ಗಣಿತವಷ್ಟೇ ಸಾಕೆಂದು ಹೊರಟರೆ, ಎದುರಿಗೆ ಕೂತ ರೋಗಿಯ ಮಾತು ಅವಳಿಗೆ ಕೇಳಿಸುವುದಿಲ್ಲ.